ರಂಗೋಲಿಯ ಕೆಳಗೆ ನುಸುಳಿದ ಕಾಫಿ

ಕುಶಾಲನಗರದ ಒಂದು ಗೋದಾಮಿನಲ್ಲಿ ಇನ್ನೂರು ಚೀಲ ಪಾರ್ಚ್‌ಮೆಂಟ್ ಕಾಫಿ (ಹಣ್ಣಿನ ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಇನ್ನೂ ಬಿಡಿಸದ ಬೀಜ), ಇಟ್ಟ ಜಾಗದಿಂದ ಒಂದಡಿಯೂ ಅಲುಗದೆ, ಒಂದೇ ಮಧ್ಯಾಹ್ನದಲ್ಲಿ ಒಬ್ಬರಿಂದ ಇನ್ನೊಬ್ಬರ ಪಾಲಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡಿದ್ದೇನೆ ಎಂದು ಹೇಳಿ ಜಾರಿಕೊಳ್ಳುವಂತಿಲ್ಲ. ಬಿಲ್ಲು ಬರೆದವನು ನಾನೇ.

ಅದು 2000ದ ದಶಕದ ನಡುಭಾಗ. ಕೊಡಗಿನಲ್ಲಿ ತೋಟಗಳಿದ್ದ ಒಂದು ಕಂಪನಿಯ ಕಚೇರಿಯಲ್ಲಿ ಆಗ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಆ ಕಂಪನಿಗೆ ಒಂದು ಸೋದರ ಸಂಸ್ಥೆಯಿತ್ತು. ಅದರ ಪಾಲುದಾರರೆಲ್ಲ ಒಂದೇ ಮನೆಯವರು, ಅದರ ಕಚೇರಿ ಎಂದರೆ ನಮ್ಮದೇ ಕೋಣೆಯ ಕಿಟಕಿಯ ಪಕ್ಕದ ಮೇಜು, ಅದರ ಲೆಕ್ಕವನ್ನು ಬರೆಯುತ್ತಿದ್ದವನೂ ನಾನೇ. ಕಂಪನಿ ಕಾಫಿ ಬೆಳೆದು ಒಣಗಿಸಿ ಮಾರುತ್ತಿತ್ತು. ಸೋದರ ಸಂಸ್ಥೆ ಅದನ್ನು ಕೊಂಡು, ಕ್ಯೂರಿಂಗ್ ಮಾಡಿಸಿ (ಎಂದರೆ ಸಿಪ್ಪೆ ಬಿಡಿಸಿ ಬೀಜ ಹಸನುಗೊಳಿಸಿ), ಹುರಿದು, ಪುಡಿ ಮಾಡಿಸಿ ಹೋಟೆಲುಗಳಿಗೆ ಕಳಿಸುತ್ತಿತ್ತು. ಆ ದಿನ ನನಗೆ ಹೇಳಿದ ಕೆಲಸ ಇಷ್ಟೇ: ವಾರದ ಮಾರುಕಟ್ಟೆ ದರಗಳಲ್ಲಿ ಎಲ್ಲಕ್ಕಿಂತ ಮೇಲಿನ ದರವನ್ನು ಹಾಕಿ ಇನ್ನೂರು ಚೀಲಕ್ಕೆ ಬಿಲ್ಲು ಮಾಡುವುದು. ಚಲನ್ ಪುಸ್ತಕದಲ್ಲಿ ಲಾರಿ ನಂಬರಿನ ಕಾಲಂ ಬಂದಾಗ ನಾನು ಪೆನ್ನು ಹಿಡಿದು ಕುಳಿತೆ. ಲಾರಿಯೇ ಇರಲಿಲ್ಲವಲ್ಲ. ಮ್ಯಾನೇಜರು ಬಗ್ಗಿ ನೋಡಿ, ‘ಗೋದಾಮಿನಲ್ಲೇ ವಶಕ್ಕೆ ಕೊಟ್ಟಿದೆ ಅಂತ ಬರೀರಿ’ ಎಂದರು. ಬರೆದೆ. ಸಹಿ ಹಾಕಿಸಲು ಗೋದಾಮಿಗೆ ಹೋದರೆ, ನೀಲಿ ಮಸಿಯಲ್ಲಿ ತೋಟದ ಗುರುತು ಒತ್ತಿದ್ದ ಆ ಚೀಲಗಳ ಮೇಲೆ ಇಬ್ಬರು ಹಮಾಲಿಗಳು ಕುಳಿತು ಬುತ್ತಿ ಬಿಚ್ಚಿದ್ದರು. ತಾವು ಕುಳಿತಿದ್ದ ಚೀಲ ಊಟದ ನಡುವೆ ಮಾರಾಟವಾಯಿತೆಂದು ಅವರಿಗೆ ತಿಳಿಯಲು ಕಾರಣವೇ ಇರಲಿಲ್ಲ.

ಇದರ ಮರ್ಮ ತಿಳಿಯಬೇಕಾದರೆ ಕಾಫಿಯ ತೆರಿಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. 1961ರ ಆದಾಯ ತೆರಿಗೆ ಕಾಯ್ದೆ ಅದನ್ನು ಹೊರಗಿಟ್ಟಿತು. ಬೆಳೆದವನು ಕಾಫಿಯನ್ನು ಕಣದಲ್ಲಿ ಒಣಗಿಸಿ, ಇಡೀ ಹಣ್ಣೇ ಒಣಗಿದ ಚೆರ್ರಿಯಾಗಿಯೋ ಪಾರ್ಚ್‌ಮೆಂಟಾಗಿಯೋ ಮಾರಿದರೆ ಬಂದದ್ದೆಲ್ಲ ಕೃಷಿ ಆದಾಯ. ಆದರೆ ಬೆಳೆದವನೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ 25 ಶೇಕಡಾ ಭಾಗವನ್ನು, ಅದನ್ನೇ ಹುರಿದು ಪುಡಿ ಮಾಡಿ, ಚಿಕೋರಿ ಬೆರೆಸಿಯೋ ಬೆರೆಸದೆಯೋ ಮಾರಿದರೆ 40 ಶೇಕಡಾ ಭಾಗವನ್ನು ವ್ಯಾಪಾರದ ಆದಾಯವೆಂದು ಎಣಿಸಬೇಕು ಎಂಬುದು ಆಗಿನ ಆದಾಯ ತೆರಿಗೆ ನಿಯಮಗಳಲ್ಲಿದ್ದ 7ಬಿ ನಿಯಮದ ಸಾರ. ಲೆಕ್ಕಕ್ಕೆ ಸುಲಭವಾಗಲೆಂದು ಬೆಳೆದದ್ದರಿಂದ ಪುಡಿಯವರೆಗಿನ ಒಟ್ಟು ಲಾಭ 100 ರೂಪಾಯಿ ಎಂದುಕೊಳ್ಳೋಣ. ಒಂದೇ ಕಂಪನಿ ಎಲ್ಲವನ್ನೂ ಮಾಡಿದ್ದರೆ 40 ರೂಪಾಯಿ ತೆರಿಗೆಗೆ ಒಳಪಡುತ್ತಿತ್ತು. 30 ಶೇಕಡಾ ದರದಲ್ಲಿ 12 ರೂಪಾಯಿ ಸರ್ಕಾರಕ್ಕೆ ಹೋಗುತ್ತಿತ್ತು. ಎರಡು ಸಂಸ್ಥೆಗಳಾಗಿ ಸೀಳಿ, ಕಚ್ಚಾ ಮಾಲಿನ ದರವನ್ನು ಮೇಲಕ್ಕೆ ತಳ್ಳಿ, 90 ರೂಪಾಯಿ ಲಾಭವನ್ನು ತೋಟದ ಪುಸ್ತಕಕ್ಕೂ 10 ರೂಪಾಯಿಯನ್ನು ಪುಡಿಯ ಪುಸ್ತಕಕ್ಕೂ ಹಾಕಿದರೆ ಕೇಂದ್ರಕ್ಕೆ ಹೋಗುವುದು 3 ರೂಪಾಯಿ. ಗಿಡ ಅದೇ, ಬೀಜ ಅದೇ, ಹುರಿಯುವ ಯಂತ್ರವೂ ಅದೇ. ಬದಲಾದದ್ದು ನನ್ನ ಕೈಬರಹ ಮಾತ್ರ.

ಮೈಸೂರಿನಿಂದ ಬರುತ್ತಿದ್ದ ಆಡಿಟರರ ಬಳಿ ಅಳುಕುತ್ತಲೇ ವಿಷಯ ಎತ್ತಿದ್ದೆ. ಒಳ್ಳೆಯ ಮನುಷ್ಯ; ನಾನು ಚಿಕ್ಕವನೆಂದು ಗದರಿಸದೆ, ‘ದರ ಮಾರುಕಟ್ಟೆಯ ಮಿತಿಯೊಳಗೇ ಇದೆಯಲ್ಲಪ್ಪ, ಎರಡೂ ಕಡೆ ಬಿಲ್ಲಿದೆ, ಚೆಕ್ಕಿನಲ್ಲಿ ಹಣ ಹೋಗಿದೆ, ಇನ್ನೇನು ಬೇಕು? ಇದು ವಂಚನೆಯಲ್ಲ, ಯೋಜನೆ’ ಎಂದರು. ಅವರು ಸುಳ್ಳು ಹೇಳಲಿಲ್ಲವೆಂದು ಇಂದಿಗೂ ನಂಬಿದ್ದೇನೆ. ಆದಾಯವನ್ನು ಮುಚ್ಚಿಡುವುದು ವಂಚನೆ, ಅಪರಾಧ. ಎಲ್ಲವನ್ನೂ ತೋರಿಸಿ, ಕಾಯ್ದೆಯ ಅಕ್ಷರಗಳ ನಡುವೆ ಸಂದು ಹುಡುಕಿ ನುಣುಚಿಕೊಳ್ಳುವುದು ಬೇರೆ. ಕಾಯ್ದೆ ಮಾಡುವವರು ಚಾಪೆಯ ಕೆಳಗೆ ನುಸುಳಿದರೆ ಲೆಕ್ಕ ಬರೆಯುವವರು ರಂಗೋಲಿಯ ಕೆಳಗೆ ನುಸುಳುತ್ತಾರೆ. ನುಸುಳಿದವನನ್ನು ಹಿಡಿಯಬೇಕಾದರೆ ರಂಗೋಲಿಯನ್ನೇ ಅಳಿಸಬೇಕಾಗುತ್ತದೆ.

ನ್ಯಾಯಾಲಯಗಳು ಈ ರಂಗೋಲಿಯ ಮುಂದೆ ಬಹಳ ಕಾಲ ಕೈಕಟ್ಟಿ ನಿಂತವು. 1935ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್‌ನ ಪ್ರಕರಣ ಬಂದಿತ್ತು. ಆ ಮಹಾಶಯ ತನ್ನ ತೋಟದ ಮಾಲಿಗೆ ಸಂಬಳ ಕೊಡುವ ಬದಲು ವರ್ಷಾಶನ ಕೊಡುತ್ತೇನೆಂದು ಕರಾರು ಪತ್ರ ಬರೆದುಕೊಟ್ಟು, ಆ ಮೊತ್ತವನ್ನು ತನ್ನ ಆದಾಯದಲ್ಲಿ ಕಳೆದುಕೊಂಡಿದ್ದ. ಮಾಲಿ ಮೊದಲಿನಂತೆಯೇ ಗಿಡಗಳಿಗೆ ನೀರು ಹಾಕುತ್ತಿದ್ದ, ಮೊದಲಿನಷ್ಟೇ ಹಣ ಪಡೆಯುತ್ತಿದ್ದ. ಕಾಗದದ ಮೇಲೆ ಮಾತ್ರ ಅದು ಸಂಬಳವಾಗಿರಲಿಲ್ಲ. ತನಗೆ ಕಡಿಮೆ ತೆರಿಗೆ ಬೀಳುವ ಹಾಗೆ ವ್ಯವಹಾರ ಹೊಂದಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಇದೆಯೆಂದು ಡ್ಯೂಕ್‌ನ ಪರವಾಗಿ ತೀರ್ಪಾಯಿತು. ಲಾರಿ ನಂಬರಿಲ್ಲದ ನನ್ನ ಚಲನ್ನಿಗೆ ಆ ಮಾಲಿಯ ಕರಾರು ಪತ್ರ ಅಜ್ಜನಾಗಬೇಕು ಎಂದು ಎಷ್ಟೋ ಸಲ ಅನಿಸಿದೆ. ಸರಿಯಾಗಿ ಐವತ್ತು ವರ್ಷಗಳ ನಂತರ, 1985ರಲ್ಲಿ, ಮೆಕ್‌ಡೊವೆಲ್ ಎಂಬ ಮದ್ಯ ಕಂಪನಿಯ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಬೇರೆ ದನಿ ತೆಗೆಯಿತು. ತೆರಿಗೆ ಯೋಜನೆಗೆ ಕಾನೂನಿನ ಚೌಕಟ್ಟಿನೊಳಗೆ ಜಾಗವಿದೆ, ಆದರೆ ಬಣ್ಣ ಬಳಿದ ಉಪಾಯಗಳಿಗೆ ಇಲ್ಲ ಎಂದಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರಂತೂ ಡ್ಯೂಕ್‌ನ ಕಾಲದ ತತ್ತ್ವವನ್ನು ಬಿಟ್ಟು ಹೊರಬರುವ ಹೊತ್ತು ಬಂದಿದೆಯೆಂದು ಪ್ರತ್ಯೇಕವಾಗಿ ಬರೆದರು. 2003ರಲ್ಲಿ ಭಾರತ ಮತ್ತು ಮಾರಿಷಸ್ ನಡುವಿನ ತೆರಿಗೆ ಒಪ್ಪಂದದ ಪ್ರಕರಣದಲ್ಲಿ ನ್ಯಾಯಾಲಯ ಮತ್ತೆ ಹಳೆಯ ಕಡೆಗೇ ವಾಲಿತು. ಕೊನೆಗೆ 2017ರ ಏಪ್ರಿಲ್ 1ರಿಂದ ‘ಗಾರ್’ ಎಂದು ಕರೆಯುವ, ತೆರಿಗೆ ನುಣುಚಿಕೊಳ್ಳುವುದನ್ನು ತಡೆಯುವ ಸಾಮಾನ್ಯ ನಿಯಮಗಳು ಬಂದವು: ತೆರಿಗೆ ಉಳಿಸುವುದೇ ಮುಖ್ಯ ಉದ್ದೇಶವಾಗಿರುವ, ವ್ಯಾಪಾರದ ಹುರುಳಿಲ್ಲದ ಏರ್ಪಾಟನ್ನು ಇಲಾಖೆ ಬದಿಗೊತ್ತಬಹುದು, ಆದರೆ ಉಳಿಸಿದ ತೆರಿಗೆ 3 ಕೋಟಿ ರೂಪಾಯಿ ಮೀರಿರಬೇಕು. ನಮ್ಮ ಇನ್ನೂರು ಚೀಲಗಳು ಅದರ ಹತ್ತಿರಕ್ಕೂ ಬರುವುದಿಲ್ಲ.

ಸರ್ಕಾರದ ಕೈಯೂ ಶುದ್ಧವಾಗಿರಲಿಲ್ಲ. ವಿದೇಶದಲ್ಲಿ ನಡೆದ ಷೇರು ಖರೀದಿಗೆ ತೆರಿಗೆ ಕೇಳಿದ್ದ ವೊಡಾಫೋನ್ ಪ್ರಕರಣದಲ್ಲಿ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ ಮೇಲೆ ಅದೇ ವರ್ಷ ಕಾಯ್ದೆಯನ್ನು ಹಿಂದಿನ ದಿನಾಂಕದಿಂದ ತಿದ್ದಿ, 2021ರಲ್ಲಿ ಆ ತಿದ್ದುಪಡಿಯನ್ನು ತಾನೇ ಹಿಂದಕ್ಕೆ ಪಡೆಯಬೇಕಾಯಿತು. ಆಟ ಮುಗಿದ ಮೇಲೆ ನಿಯಮ ಬದಲಾಯಿಸುವವರು ಎದುರಾಳಿಯ ನೀತಿಯ ಬಗ್ಗೆ ಮಾತನಾಡುವುದು ಕಷ್ಟ.

ಕಾನೂನು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಮುಂದೆ ನಾಗರಿಕನ ಕರ್ತವ್ಯ ಶುರುವಾಗಬೇಕು ಎಂದು ಹೇಳಲು ನಮ್ಮ ಸಂವಿಧಾನದಲ್ಲೇ ಒಂದು ಸಾಲು ಇರಬಹುದಿತ್ತು. ಮೂಲಭೂತ ಕರ್ತವ್ಯಗಳನ್ನು ಸೇರಿಸುವ ಬಗ್ಗೆ 1976ರಲ್ಲಿ ಶಿಫಾರಸು ಮಾಡಿದ ಸ್ವರಣ್ ಸಿಂಗ್ ಸಮಿತಿ, ತೆರಿಗೆ ಕಟ್ಟುವುದನ್ನೂ ಆ ಪಟ್ಟಿಯಲ್ಲಿ ಹಾಕಬೇಕೆಂದು ಹೇಳಿತ್ತು. ರಾಷ್ಟ್ರಧ್ವಜಕ್ಕೆ ಗೌರವ, ಕಾಡು, ಕೆರೆ, ನದಿಗಳ ರಕ್ಷಣೆ, ವೈಜ್ಞಾನಿಕ ಮನೋಭಾವ ಎಲ್ಲವೂ 51ಎ ವಿಧಿಯೊಳಗೆ ಬಂದವು. ತೆರಿಗೆ ಮಾತ್ರ ಬರಲಿಲ್ಲ. ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಹಾಕುವಂತಿಲ್ಲ ಎಂಬ 265ನೇ ವಿಧಿ ನಾಗರಿಕನನ್ನು ಸರ್ಕಾರದಿಂದ ಕಾಯುತ್ತದೆ, ಅದು ಇರಲೇಬೇಕು. ಸಾರ್ವಜನಿಕ ಬೊಕ್ಕಸವನ್ನು ನಾಗರಿಕನಿಂದ ಕಾಯುವ ಮಾತು ಅಲ್ಲಿಲ್ಲ.

ಕಾಫಿಯವರಾದ ನಾವು ಮರೆಯಬಾರದ ಒಂದು ವಿಚಾರಣೆ 2012ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ನಡೆಯಿತು. ಸ್ಟಾರ್‌ಬಕ್ಸ್ ಕಂಪನಿ 1998ರಿಂದ ಆವರೆಗೆ ಬ್ರಿಟನ್ನಿನಲ್ಲಿ 300 ಕೋಟಿ ಪೌಂಡಿಗೂ ಹೆಚ್ಚು ವ್ಯಾಪಾರ ಮಾಡಿ, ಕಂಪನಿ ತೆರಿಗೆಯಾಗಿ ಕಟ್ಟಿದ್ದು 86 ಲಕ್ಷ ಪೌಂಡು ಮಾತ್ರವೆಂದು ಅದರ ಹಿಂದಿನ ತಿಂಗಳು ರಾಯ್ಟರ್ಸ್ ಸುದ್ದಿ ಸಂಸ್ಥೆ ಬಯಲಿಗೆ ತಂದಿತ್ತು. ಹಾದಿ ಎರಡಿತ್ತು. ಬ್ರಾಂಡಿನ ಹೆಸರು ಬಳಸಿದ್ದಕ್ಕೆ ನೆದರ್ಲೆಂಡ್ಸಿನ ತನ್ನದೇ ಕಂಪನಿಗೆ ರಾಯಧನ ಕೊಡುವುದು ಒಂದು. ಇನ್ನೊಂದು ನನ್ನ ಎದೆಗೆ ಹೆಚ್ಚು ನಾಟಿತು: ಅದರ ಕಾಫಿ ಬೀಜವನ್ನೆಲ್ಲ ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನಲ್ಲಿರುವ ಅದರದೇ ವ್ಯಾಪಾರಿ ಕಂಪನಿಯ ಮೂಲಕ ಕೊಂಡಂತೆ ಮಾಡಿ, ನಡುವೆ ಲಾಭಾಂಶ ಸೇರಿಸುವುದು. ಕಾಫಿ ಗಿಡವೊಂದೂ ಇಲ್ಲದ ಸ್ವಿಟ್ಜರ್ಲೆಂಡಿನಲ್ಲಿ ಕಾಫಿ ವ್ಯಾಪಾರದ ಲಾಭ ಹುಟ್ಟುತ್ತದೆ ಎಂಬುದನ್ನು ಓದಿದಾಗ ನನಗೆ ಕುಶಾಲನಗರದ ಗೋದಾಮೇ ಕಣ್ಣ ಮುಂದೆ ಬಂತು. ಅವರದು ಸಾಗರದಷ್ಟು, ನಮ್ಮದು ಸೌಟಿನಷ್ಟು, ಸಾಂಬಾರು ಒಂದೇ.

ಆ ವಿಚಾರಣೆಯಲ್ಲಿ ಸಂಸತ್ ಸಮಿತಿಯ ಅಧ್ಯಕ್ಷೆ ಮಾರ್ಗರೆಟ್ ಹಾಡ್ಜ್, ಕಾನೂನು ಮುರಿದಿರಿ ಎಂದಲ್ಲ, ಅನೈತಿಕವಾಗಿ ನಡೆದಿರಿ ಎಂಬುದೇ ತಮ್ಮ ಆರೋಪವೆಂದು ಕಂಪನಿಗಳ ಪ್ರತಿನಿಧಿಗಳಿಗೆ ಮುಖಕ್ಕೆ ಹೇಳಿದರು. ಗಿರಾಕಿಗಳು ಮುನಿಸಿಕೊಂಡ ಮೇಲೆ ಸ್ಟಾರ್‌ಬಕ್ಸ್ ಎರಡು ವರ್ಷಗಳಲ್ಲಿ 2 ಕೋಟಿ ಪೌಂಡು ತೆರಿಗೆ ಕಟ್ಟುವುದಾಗಿ ತಾನಾಗಿಯೇ ಘೋಷಿಸಿತು. ಹಲವರು ಇದನ್ನು ಜನರ ಗೆಲುವೆಂದರು. ನನಗೆ ಹಾಗೆನಿಸಲಿಲ್ಲ. ಎಷ್ಟು ಕೊಡಬೇಕೆಂದು ಕೊಡುವವನೇ ತೀರ್ಮಾನಿಸಿದರೆ ಅದು ತೆರಿಗೆಯಲ್ಲ, ಹುಂಡಿಗೆ ಹಾಕಿದ ಕಾಣಿಕೆ. ನೆದರ್ಲೆಂಡ್ಸಿನ ಏರ್ಪಾಟಿನ ವಿರುದ್ಧ ಯುರೋಪಿಯನ್ ಕಮಿಷನ್ 2015ರಲ್ಲಿ ಕೊಟ್ಟ ಆದೇಶವನ್ನು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರಲ್ಲಿ ರದ್ದುಪಡಿಸಿತೆಂಬುದನ್ನೂ ಹೇಳಬೇಕು. ಅಂದರೆ ಕಾನೂನಿನ ಲೆಕ್ಕದಲ್ಲಿ ಕಂಪನಿ ಗೆದ್ದೇ ಬಿಟ್ಟಿತು. 75 ಕೋಟಿ ಯೂರೊ ಮೀರಿದ ವಹಿವಾಟಿನ ಬಹುರಾಷ್ಟ್ರೀಯ ಕಂಪನಿಗಳು ಎಲ್ಲಿ ಲಾಭ ತೋರಿಸಿದರೂ ಕನಿಷ್ಠ 15 ಶೇಕಡಾ ಕಟ್ಟಬೇಕೆಂದು 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಒಪ್ಪಿಕೊಂಡವು. ಅದೂ ಒಂದು ಚಾಪೆ.

ಕೊಡಗಿನವರಿಗೆ ರಿಯಾಯಿತಿ ಎಂಬುದು ಹೊಸ ಮಾತಲ್ಲ. ವಂಶಪಾರಂಪರ್ಯವಾಗಿ ಬಂದ ನಮ್ಮ ಜಮ್ಮಾ ಭೂಮಿಯ ಕಥೆಯೇ ರಿಯಾಯಿತಿಯ ಕಥೆ. ಪೂರ್ತಿ ಕಂದಾಯದ ‘ಸಾಗು’ ಭೂಮಿಯ ರೈತ ನೂರು ಬಟ್ಟಿ (ಇಲ್ಲಿನ ಹಳೆಯ ಅಳತೆ) ಗದ್ದೆಗೆ 10 ರೂಪಾಯಿ ಕಂದಾಯ ಕಟ್ಟುತ್ತಿದ್ದ ಕಾಲದಲ್ಲಿ ಜಮ್ಮಾ ಹಿಡುವಳಿದಾರ ಕಟ್ಟುತ್ತಿದ್ದದ್ದು 5 ರೂಪಾಯಿ. ಈ ಅರ್ಧ ಕಂದಾಯವನ್ನು ಬರೀ ಸವಲತ್ತೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ಅದರ ಇನ್ನರ್ಧವನ್ನು ಮರೆಯುತ್ತಾರೆ. ರಾಜರು ಕರೆ ಕಳಿಸಿದಾಗ ಆ ಮನೆಯ ಗಂಡಸು ಕತ್ತಿ ಕೋವಿ ಹಿಡಿದು ಹೊರಡಬೇಕಿತ್ತು, ಕಾವಲಿಗೆ ನಿಲ್ಲಬೇಕಿತ್ತು. ಮನಸ್ಸು ಬಂದಂತೆ ಆ ಭೂಮಿಯನ್ನು ಪರಭಾರೆ ಮಾಡುವಂತೆಯೂ ಇರಲಿಲ್ಲ. ಉಳಿದ 5 ರೂಪಾಯಿಯನ್ನು ಆತ ಮೈಯಿಂದ ಸಲ್ಲಿಸುತ್ತಿದ್ದ. ರಾಜಶಾಹಿಯ ಆ ಪದ್ಧತಿ ಸರಿಯಿತ್ತೆಂದು ನಾನು ವಾದಿಸುತ್ತಿಲ್ಲ. ಯುದ್ಧಕ್ಕೆ ಹೋಗಿ ತಿರುಗಿ ಬಾರದವರ ಮನೆಗೆ 5 ರೂಪಾಯಿ ಯಾವ ಲೆಕ್ಕ? ಆದರೆ ಬಿಟ್ಟುಕೊಟ್ಟ ಕಂದಾಯ ಏತಕ್ಕಾಗಿ ಬಿಟ್ಟದ್ದು ಎಂಬ ಪ್ರಶ್ನೆಗೆ ಅಲ್ಲಿ ಕೊಟ್ಟವನ ಬಳಿಯೂ ಪಡೆದವನ ಬಳಿಯೂ ಒಂದೇ ಉತ್ತರವಿತ್ತು.

ಕೃಷಿ ಆದಾಯದ ವಿನಾಯಿತಿಗೂ ಅಂಥದೊಂದು ಉತ್ತರವಿದೆ. ಮಳೆ ಕೈಕೊಟ್ಟರೆ ಹೂವಿಲ್ಲ, ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಕಣದ ಕಾಫಿಗೆ ಬೂಷ್ಟು, ಆನೆ ನುಗ್ಗಿದರೆ ಬಾಳೆ ಹೋಯಿತು, ಕಾಂಡ ಕೊರೆಯುವ ಬೋರರ್ ಹುಳ ಬಿದ್ದರೆ ಅರೇಬಿಕಾ ಗಿಡವೇ ಹೋಯಿತು. ಈ ಅನಿಶ್ಚಿತತೆಯನ್ನು ಹೊತ್ತವನಿಗೆ ಕೊಟ್ಟ ನೆರಳು ಅದು. ಹುರಿಯುವ ಯಂತ್ರಕ್ಕೆ ಬೋರರ್ ಹುಳ ಬೀಳುವುದಿಲ್ಲ. ಪುಡಿಯ ಲಾಭವನ್ನು ತೋಟದ ನೆರಳಿಗೆ ಎಳೆದು ತಂದು ಕೂರಿಸಿದಾಗ ನಾನು ಮಾಡಿದ ತಪ್ಪು ಏನೆಂದು ಅರ್ಥವಾಗಲು ನನಗೆ ಜಮ್ಮಾದ ನೆನಪು ಬೇಕಾಯಿತು: ಬೇರೆಯವನ ಕಷ್ಟಕ್ಕೆಂದು ಇಟ್ಟದ್ದನ್ನು ಕಷ್ಟವಿಲ್ಲದವನ ತಟ್ಟೆಗೆ ಬಡಿಸಿದ್ದೆ.

2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿ ತೆರಿಗೆಯ ಮೂಲ ದರವನ್ನು, ಬೇರೆ ವಿನಾಯಿತಿಗಳನ್ನು ಬಿಟ್ಟುಕೊಡುವವರಿಗೆ, 22 ಶೇಕಡಾಕ್ಕೂ ಹೊಸ ತಯಾರಿಕಾ ಕಂಪನಿಗಳಿಗೆ 15 ಶೇಕಡಾಕ್ಕೂ ಇಳಿಸಿತು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಬಿಡುತ್ತಿದ್ದೇವೆಂದು ಹಣಕಾಸು ಸಚಿವೆಯೇ ಹೇಳಿದರು. ಹೂಡಿಕೆ ಹೆಚ್ಚಲಿ, ಕೆಲಸ ಹುಟ್ಟಲಿ ಎಂಬ ಆಶಯವಿತ್ತು; ಆದರೆ ಇಷ್ಟು ಹೂಡಬೇಕು, ಇಷ್ಟು ಜನರಿಗೆ ಕೆಲಸ ಕೊಡಬೇಕು ಎಂಬ ಷರತ್ತು ಇರಲಿಲ್ಲ. ಇದನ್ನು ಪಡೆದ ಕಂಪನಿ ಯಾವ ಕಳ್ಳದಾರಿಯನ್ನೂ ಹಿಡಿಯಲಿಲ್ಲ, ಹೆಬ್ಬಾಗಿಲಿನಿಂದಲೇ ಒಳಬಂತು. ಆದರೂ ನಾನು ಅದನ್ನು ಸೇವೆಯಿಲ್ಲದ ಜಮ್ಮಾ ಎಂದೇ ಕರೆಯುತ್ತೇನೆ.

ತೆರಿಗೆಯನ್ನು ಎದುರಿಸಿದ ಇತಿಹಾಸವೂ ಈ ನೆಲಕ್ಕಿದೆ. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ವಶವಾದ ಮೇಲೆ, ಅಲ್ಲಿಯವರೆಗೆ ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂಬ ಒತ್ತಾಯ ಸುಳ್ಯ, ಪುತ್ತೂರು ಸೀಮೆಯ ರೈತರನ್ನು ಕೆರಳಿಸಿದ್ದು 1837ರ ಅಮರ ಸುಳ್ಯ ದಂಗೆಗೆ ಒಂದು ದೊಡ್ಡ ಕಾರಣ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅವರ ಪ್ರತಿಮೆಯ ಮುಂದೆ ಈಗ ನಾವು ದಿನವೂ ಹಾದುಹೋಗುತ್ತೇವೆ. ಕೊಡುವುದಿಲ್ಲ ಎಂದವರು ಬೀದಿಗಿಳಿದು ಹೇಳಿದರು, ಹೇಳಿದ್ದಕ್ಕೆ ಬೆಲೆಯನ್ನೂ ತೆತ್ತರು. ಇಂದು ನುಣುಚಿಕೊಳ್ಳುವ ಕಂಪನಿ ತೆರಿಗೆ ಅನ್ಯಾಯವೆಂದು ಎಲ್ಲಿಯೂ ಹೇಳುವುದಿಲ್ಲ. ಅದಕ್ಕೆ ಹೆದ್ದಾರಿ ಬೇಕು, ಬಂದರು ಬೇಕು, ಸಾಲ ತೀರಿಸದವನ ಮೇಲೆ ದಾವೆ ಹೂಡಲು ನ್ಯಾಯಾಲಯ ಬೇಕು, ಸರ್ಕಾರಿ ಶಾಲೆಯಲ್ಲಿ ಓದು ಬರಹ ಕಲಿತ ನನ್ನಂಥ ಗುಮಾಸ್ತ ಬೇಕು.

ಇದಕ್ಕೆಲ್ಲ ಉತ್ತರವೆಂಬಂತೆ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ತೋರಿಸುತ್ತಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ 2 ಶೇಕಡಾವನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ನಮ್ಮೂರ ಹತ್ತಿರದ ಸರ್ಕಾರಿ ಶಾಲೆಗೆ ಹೀಗೊಂದು ಕಂಪನಿ ಶೌಚಾಲಯ ಕಟ್ಟಿಸಿಕೊಟ್ಟಿದೆ. ಒಳ್ಳೆಯ ಕೆಲಸ, ಹೆಣ್ಣುಮಕ್ಕಳಿಗೆ ನಿಜವಾಗಿ ಅನುಕೂಲವಾಯಿತು. ಗೋಡೆಯ ಮೇಲೆ ಕಂಪನಿಯ ಹೆಸರು ಶಾಲೆಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿದೆ. ಆ ಶಾಲೆಯ ಮೇಷ್ಟ್ರ ಸಂಬಳ, ಬಿಸಿಯೂಟದ ಅಕ್ಕಿ ಎಲ್ಲವೂ ತೆರಿಗೆಯಿಂದ ಬಂದವು, ಲೈನ್ ಮನೆಯ ಕೂಲಿ ಹೆಂಗಸು ಸಂತೆಯಲ್ಲಿ ಕೊಂಡ ಸೋಪಿನ ಮೇಲಿನ ಜಿಎಸ್‌ಟಿಯೂ ಅದರಲ್ಲಿ ಸೇರಿದೆ. ಅವಳ ಹೆಸರನ್ನು ಯಾವ ಗೋಡೆಯ ಮೇಲೂ ಬರೆದಿಲ್ಲ. ಇನ್ನೊಂದು ತೊಡಕೂ ಇದೆ. ಶಾಲೆಗೆ ಶೌಚಾಲಯ ಬೇಕೋ ಮೇಷ್ಟ್ರು ಬೇಕೋ ಎಂದು ತೆರಿಗೆಯ ಹಣದಲ್ಲಾದರೆ ನಾವು ಆರಿಸಿ ಕಳಿಸಿದವರು ನಿರ್ಧರಿಸಬೇಕು, ನಿರ್ಧರಿಸದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಕಂಪನಿಯ ಸಮಿತಿಯನ್ನು ನಾನು ಎಲ್ಲಿ ಕೇಳಲಿ?

ಇಷ್ಟು ಬರೆದ ಮೇಲೆ ನಮ್ಮ ಕಡೆಗೂ ತಿರುಗಿ ನೋಡದಿದ್ದರೆ ಅದು ಆತ್ಮವಂಚನೆಯಾದೀತು. ಕಂಪನಿಯ ಕೆಲಸ ಬಿಟ್ಟು ಸಿದ್ದಾಪುರದ ಕಡೆ ಆರು ಎಕರೆ ರೊಬಸ್ಟಾ ನೋಡಿಕೊಂಡಿರುವ ನಾನು ಆದಾಯ ತೆರಿಗೆ ಕಟ್ಟುವುದಿಲ್ಲ, ಕಟ್ಟಬೇಕಾಗಿಲ್ಲ. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ನನ್ನ ಕೈಗೆ ಬರುವ ಹಣಕ್ಕಿಂತ ಕಡಿಮೆ ಸಂಬಳದ ಮೇಷ್ಟ್ರು ತೆರಿಗೆ ಕಟ್ಟಿದ್ದುಂಟು. ನಮ್ಮಲ್ಲಿ ಹೋಂಸ್ಟೇ ನಡೆಸುವ ಕೆಲವರು ಕೋಣೆ ಬಾಡಿಗೆಯ ಹಣವನ್ನು ಕಾಫಿ, ಕರಿಮೆಣಸಿನ ಲೆಕ್ಕಕ್ಕೆ ಸೇರಿಸುತ್ತಾರೆ. ಅದಕ್ಕೆ ಯೋಜನೆಯೆಂಬ ಹೆಸರೂ ಸಲ್ಲದು, ಶುದ್ಧ ವಂಚನೆ. ಹಾಗೆ ಮಾಡುವವರ ಜಗಲಿಯಲ್ಲಿ ಕುಳಿತು ನಾನೂ ಅವರ ಕಾಫಿ ಕುಡಿದಿದ್ದೇನೆ, ಒಂದು ಮಾತೂ ಆಡದೆ. 2019ರಲ್ಲಿ ಕೊಡಗಿಗೊಂದು ಸುಸಜ್ಜಿತ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಜಾಲತಾಣಗಳಲ್ಲಿ ದೊಡ್ಡ ಅಭಿಯಾನ ನಡೆದಾಗ ಆ ಜಗಲಿಯಲ್ಲಿದ್ದವರೆಲ್ಲ ಅದನ್ನು ಹಂಚಿಕೊಂಡೆವು. ಹಂಚಿಕೊಳ್ಳಲೇಬೇಕಿತ್ತು, ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಳೆಗಾಲದ ರಾತ್ರಿ ಆಂಬುಲೆನ್ಸಿನಲ್ಲಿ ಅದು ಎಷ್ಟು ದೂರವೆಂದು ಇಲ್ಲಿನ ಪ್ರತಿ ಮನೆಗೂ ಗೊತ್ತು. ಆ ಆಸ್ಪತ್ರೆಯ ಹಣ ಎಲ್ಲಿಂದ ಬರಬೇಕೆಂದು ಮಾತ್ರ ನಮ್ಮಲ್ಲಿ ಯಾರೂ ಕೇಳಲಿಲ್ಲ.

ಹಾಗೆಂದು ಕೆಲವೇ ಎಕರೆಯವನ ಮೌನವನ್ನೂ ಲೊಸಾನ್‌ನಲ್ಲಿ ಕಂಪನಿ ತೆರೆದವರ ಜಾಣತನವನ್ನೂ ಒಂದೇ ತಕ್ಕಡಿಗೆ ಹಾಕಲು ನಾನು ಸಿದ್ಧನಿಲ್ಲ. ಬಡ ರೈತನನ್ನು ಮುಂದೆ ನಿಲ್ಲಿಸಿ, ಕೃಷಿಗೆ ತೆರಿಗೆ ಹಾಕಿ ಎಂದು ಕೂಗುವವರಲ್ಲಿ ಹಲವರು ಅವನ ನೆರಳಿನಲ್ಲಿ ಅಡಗಿರುವ ಕಂಪನಿಗಳ ಬಗ್ಗೆ ಬಾಯಿ ಬಿಡುವುದಿಲ್ಲ. ಜಾಣತನವನ್ನು ಸಂಬಳ ಕೊಟ್ಟು ಕೊಳ್ಳಬಲ್ಲವನಿಗೆ ಹೊಣೆಯೂ ಅಷ್ಟೇ ಹೆಚ್ಚು ಇರಬೇಕು.

ಕಳೆದ ಜನವರಿಯಲ್ಲಿ ಚೆರ್ರಿ ಕೊಳ್ಳಲು ವ್ಯಾಪಾರಿ ಪಿಕಪ್ ತಂದಿದ್ದ. ಕಣದಲ್ಲೇ ತೂಕ ಹಾಕಿ, ಔಟ್‌ಟರ್ನ್ (ಚೆರ್ರಿಯಿಂದ ಎಷ್ಟು ಬೀಜ ಸಿಗುತ್ತದೆಂಬ ಲೆಕ್ಕ) ನೋಡಿ, ದರ ಹೇಳಿದ ಮೇಲೆ ಎಂದಿನಂತೆ, ‘ಬಿಲ್ಲು ಬೇಡ ಅಂದರೆ ಚೀಲಕ್ಕೆ ಐವತ್ತು ರೂಪಾಯಿ ಜಾಸ್ತಿ ಹಾಕ್ತೀನಿ ಅಣ್ಣ, ನಿಮಗೆ ಹೇಗೂ ಟ್ಯಾಕ್ಸ್ ಇಲ್ಲವಲ್ಲ’ ಎಂದ. ನನಗಿಲ್ಲ, ನಿಜ, ಅವನಿಗಿದೆ, ಅವನಿಂದ ಕೊಳ್ಳುವವನಿಗೂ ಇದೆ. ಬಿಲ್ಲು ಬೇಕೆಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಸೀಟಿನ ಕೆಳಗೆ ತಡಕಾಡಿ, ಮೂಲೆ ಮಡಚಿದ ಬಿಲ್ ಪುಸ್ತಕ ಹೊರತೆಗೆದ. ಕಾರ್ಬನ್ ಹಾಳೆ ಇರಲಿಲ್ಲ. ಮಗಳ ಹಳೆಯ ಶಾಲಾ ಚೀಲದಲ್ಲಿ ಒಂದು ಸಿಕ್ಕಿತು, ಕೊಟ್ಟೆ. ಪುಟ ತಿರುವುವಾಗ ಕಂಡದ್ದೆಂದರೆ, ಕೊಯ್ಲು ಶುರುವಾಗಿ ತಿಂಗಳ ಮೇಲಾಗಿದ್ದರೂ ಆ ಪುಸ್ತಕದಲ್ಲಿ ನನ್ನದು ನಾಲ್ಕನೆಯ ಬಿಲ್ಲು. ಅದರ ಹಿಂದಿನ ವರ್ಷ ಅವನು ಇದೇ ಮಾತು ಹೇಳಿದಾಗ ನಾನು ಐವತ್ತು ರೂಪಾಯಿ ತೆಗೆದುಕೊಂಡಿದ್ದೆ.